ಕೂಸು ಬಡವಾಗದಂತೆ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯನ್ನು ಹೇಳಿ ನಕ್ಕುಬಿಡುವುದು ನಮ್ಮ ರೂಢಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ನಡೆಸಿದ ನನಗೆ ಆ ನಗು ಬರುವುದಿಲ್ಲ. ಬಡವಾದ ಕೂಸುಗಳನ್ನು ನಾನು ನ್ಯಾಯಾಲಯದ ಜಗಲಿಯ ಮೇಲೆ ಕಂಡಿದ್ದೇನೆ. ಒಂದು ಕೈ ಅಮ್ಮನ ಕಡೆಯವರ ಹಿಡಿತದಲ್ಲಿ. ಇನ್ನೊಂದು ಕೈಯಲ್ಲಿ ಯಾರೋ ಕೊಡಿಸಿದ ಬಿಸ್ಕತ್ತಿನ ಪೊಟ್ಟಣ. ಕಣ್ಣು ಮಾತ್ರ ಎದುರಿನ ಕಂಬದ ಬಳಿ ನಿಂತ ಅಪ್ಪನ ಮೇಲೆ. ತಂದೆಯೋ ತಾಯಿಯೋ ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂಬ ದೂರು ಬಂದಾಗ ಆ ಮಗು ಯಾರ ಬಳಿ ಇರಬೇಕೆಂಬುದನ್ನು ನ್ಯಾಯಾಲಯ ಹೇಗೆ ತೀರ್ಮಾನಿಸುತ್ತದೆ? ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೌದ್ಧ ಜಾತಕಗಳಲ್ಲಿ ಮಹೋಸಧನೆಂಬ ಜಾಣನ ಕಥೆಯೊಂದುಂಟು. ಒಂದು ಕೂಸಿಗಾಗಿ ಇಬ್ಬರು ಜಗಳವಾಡುತ್ತಾರೆ. ಒಬ್ಬಳು ಹೆತ್ತವಳು, ಇನ್ನೊಬ್ಬಳು ಕದ್ದೊಯ್ದ ಯಕ್ಷಿ. ಮಹೋಸಧ ನೆಲದ ಮೇಲೆ ಗೆರೆ ಎಳೆದು, ಕೂಸನ್ನು ಅದರ ಮೇಲೆ ಮಲಗಿಸಿ, ಒಬ್ಬಳು ಕೈ ಹಿಡಿದು ಇನ್ನೊಬ್ಬಳು ಕಾಲು ಹಿಡಿದು ಎಳೆಯಲಿ, ಎಳೆದುಕೊಂಡವಳದೇ ಕೂಸು ಎನ್ನುತ್ತಾನೆ. ಕೂಸು ಅತ್ತಿತು, ಹೆತ್ತವಳು ಕೈಬಿಟ್ಟಳು. ಬಿಟ್ಟವಳೇ ತಾಯಿಯೆಂದು ತೀರ್ಪಾಯಿತು. ಕಥೆ ಸೊಗಸಾಗಿದೆ. ಆದರೆ ಇಂದಿನ ನ್ಯಾಯಾಧೀಶರಿಗೆ ಈ ಉಪಾಯ ಒದಗುವುದಿಲ್ಲ. ಅವರ ಮುಂದೆ ನಿಂತವರಲ್ಲಿ ಯಕ್ಷಿ ಯಾರೂ ಇಲ್ಲ. ಒಬ್ಬಳು ನಿಜವಾದ ತಾಯಿ, ಒಬ್ಬನು ನಿಜವಾದ ತಂದೆ. ಇಬ್ಬರೂ ಎಳೆಯುತ್ತಾರೆ, ಕೂಸು ಅತ್ತರೂ ಇಬ್ಬರೂ ಕೈಬಿಡುವುದಿಲ್ಲ.

ಮೊದಲು ಕಾನೂನು ನಡೆದುಬಂದ ದಾರಿಯನ್ನು ಸಂಗ್ರಹವಾಗಿ ನೋಡೋಣ. ಎಲ್ಲ ಮತದವರಿಗೂ ಅನ್ವಯಿಸುವ 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಪೋಷಕರನ್ನು ನೇಮಿಸುವಾಗ ಮಗುವಿನ ವಯಸ್ಸು, ಪೋಷಕನ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧದ ಸಾಮೀಪ್ಯ ಮೊದಲಾದುವನ್ನು ಗಮನಿಸಬೇಕೆಂದೂ, ಮಗು ವಿವೇಚಿಸಿ ಹೇಳಬಲ್ಲಷ್ಟು ದೊಡ್ಡದಾಗಿದ್ದರೆ ಅದರ ಇಚ್ಛೆಯನ್ನೂ ಪರಿಗಣಿಸಬಹುದೆಂದೂ ಅದರ 17ನೆಯ ಪ್ರಕರಣ ಹೇಳುತ್ತದೆ. ಹಿಂದೂಗಳಿಗಾಗಿ 1956ರಲ್ಲಿ ಬಂದ ಕಾಯಿದೆಯಲ್ಲಿ ತಂದೆ ಮೊದಲ ಸಹಜ ಪೋಷಕ, ಅವನ ಅನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಅದೇ ಕಾಯಿದೆಯ 13ನೆಯ ಪ್ರಕರಣ ಈ ಎಲ್ಲದರ ನೆತ್ತಿಯ ಮೇಲೆ ಒಂದು ಮಾತನ್ನಿಟ್ಟಿದೆ: ಮಗುವಿನ ಹಿತವೇ ಪರಮ.

ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ, ಆಟಿಕೆಗಳೂ ಅಲ್ಲ ಎಂಬ ಅರ್ಥದ ಮಾತನ್ನು ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಆಡಿತು. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ತಾಯಿಯ ರುಜು ಸಾಲದೆ ಹೋದದ್ದು ಆ ವ್ಯಾಜ್ಯದ ಮೂಲ. ತಂದೆಯ ‘ಅನಂತರ’ ಎಂದರೆ ಅವನು ಸತ್ತ ಮೇಲೆ ಎಂದಲ್ಲ, ಅವನ ‘ಗೈರುಹಾಜರಿಯಲ್ಲಿ’ ಎಂದು ನ್ಯಾಯಾಲಯ ಅರ್ಥಮಾಡಿತು. ತಂದೆ ಮಗುವಿನ ವಿಷಯದಲ್ಲಿ ಪೂರ್ತಿ ಉದಾಸೀನನಾಗಿದ್ದರೆ ಅದೂ ಗೈರುಹಾಜರಿಯೇ. ಒಂದೇ ಸೂರಿನ ಕೆಳಗಿದ್ದೂ ಮಗುವಿನ ಪಾಲಿಗೆ ಇಲ್ಲದವನಾಗಿರುವುದು ಸಾಧ್ಯವೆಂದು ಕಾನೂನು ಒಪ್ಪಿಕೊಂಡಂತಾಯಿತು.

ಹೀಗೆ, ಮಗು ಯಾರದು ಎಂಬ ಪ್ರಶ್ನೆ ಹಿಂದೆ ಸರಿದು, ಮಗು ಎಲ್ಲಿದ್ದರೆ ಚೆನ್ನ ಎಂಬ ಪ್ರಶ್ನೆ ಮುಂದೆ ಬಂದಿದೆ. ಇದು ದೊಡ್ಡ ಬದಲಾವಣೆ. ಆದರೆ ಈ ಹೊಸ ಪ್ರಶ್ನೆಗೆ ಉತ್ತರ ಹುಡುಕುವುದು ಹಳೆಯದಕ್ಕಿಂತ ಕಷ್ಟ. ಅಲಕ್ಷ್ಯವೆಂದರೆ ಯಾವುದು? ಅದನ್ನು ಅಳೆಯುವ ಕೋಲು ಯಾವುದು?

ನಾನು ನಡೆಸಿದ ಒಂದು ಮೊಕದ್ದಮೆಯನ್ನು ಹೇಳುತ್ತೇನೆ. ನನ್ನ ಕಕ್ಷಿದಾರ ತಂದೆ. ಹೆಂಡತಿ ಏಳು ವರ್ಷದ ಮಗಳೊಡನೆ ಬೇರೆ ಇದ್ದಳು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ. ಮಗುವನ್ನು ತಾಯಿ ಅಲಕ್ಷಿಸಿದ್ದಾಳೆ, ಆದ್ದರಿಂದ ಅದನ್ನು ತನಗೆ ಒಪ್ಪಿಸಬೇಕೆಂದು ಅವನ ಅರ್ಜಿ. ನಮ್ಮ ಬಳಿ ಪುರಾವೆ ಇತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹೆಚ್ಚು. ಸಮವಸ್ತ್ರ ಹರಿದಿತ್ತು. ಒಮ್ಮೆ ಮೂರು ದಿನ ಜ್ವರ ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ಪಾಟೀಸವಾಲಿನಲ್ಲಿ ನಾನು ಆ ಜ್ವರವನ್ನೇ ಹಿಡಿದೆ.

“ಮಗುವಿಗೆ ಜ್ವರ ಬಂದ ದಿನ ನೀವೆಲ್ಲಿದ್ದಿರಿ?”

“ಕೆಲಸದಲ್ಲಿದ್ದೆ, ಸ್ವಾಮಿ.”

“ರಜೆ ಹಾಕಬಹುದಾಗಿತ್ತಲ್ಲ?”

“ರಜೆ ಹಾಕಿದರೆ ಸಂಬಳ ಹಿಡೀತಾರೆ. ಸಂಬಳ ಹಿಡಿದರೆ ಔಷಧಿಗೆ ಎಲ್ಲಿಂದ ತರಲಿ?”

ನಾನು ಮುಂದಿನ ಪ್ರಶ್ನೆಗೆ ಹೋದೆ. ನ್ಯಾಯಾಧೀಶರು ಹೋಗಲಿಲ್ಲ. ಒಂದು ದಿನ ಮಗುವನ್ನು ತಮ್ಮ ಕೊಠಡಿಗೆ ಕರೆಸಿಕೊಂಡರು. ನಾವು ವಕೀಲರಿಬ್ಬರೂ ಹೊರಗೆ ಕಾದೆವು. ಒಳಗೆ ನಡೆದದ್ದು ಅವರ ಆದೇಶದಿಂದ ತಿಳಿಯಿತು. ಅಪ್ಪ ಬೇಕೋ ಅಮ್ಮ ಬೇಕೋ ಎಂದು ಅವರು ಕೇಳಿರಲಿಲ್ಲ. ಶಾಲೆಯಿಂದ ಬಂದ ಮೇಲೆ ಎಲ್ಲಿರುತ್ತೀಯಮ್ಮಾ, ಏನು ತಿನ್ನುತ್ತೀಯೆ, ಕತ್ತಲಾದರೆ ಯಾರ ಹತ್ತಿರ ಮಲಗುತ್ತೀಯೆ ಎಂದು ಕೇಳಿದ್ದರು. ಅಮ್ಮ ಬೆಳಗ್ಗೆ ಅನ್ನ ಮಾಡಿ ಡಬ್ಬಿಗೆ ಹಾಕಿ ಪಕ್ಕದ ಮನೆಯ ಅಜ್ಜಿಗೆ ಕೊಟ್ಟುಹೋಗುತ್ತಾಳೆ, ಸಂಜೆ ಅಜ್ಜಿ ಬಿಸಿಮಾಡಿ ಕೊಡುತ್ತಾಳೆ, ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅಜ್ಜಿಯೇ ಎಂದು ಮಗು ಹೇಳಿತ್ತು. ನ್ಯಾಯಾಧೀಶರು ಆ ಮುದುಕಿಯ ಸಾಕ್ಷ್ಯ ಪಡೆದರು. ಆಮೇಲೆ ನನ್ನ ಕಕ್ಷಿದಾರನನ್ನು ಒಂದೇ ಪ್ರಶ್ನೆ ಕೇಳಿದರು: ಎರಡು ವರ್ಷದಲ್ಲಿ ಮಗಳಿಗೆಂದು ಎಷ್ಟು ಕಳುಹಿಸಿದ್ದೀರಿ? ಅವನು ನನ್ನ ಮುಖ ನೋಡಿದ. ಒಂದು ರೂಪಾಯಿಯನ್ನೂ ಕಳುಹಿಸಿರಲಿಲ್ಲ.

ಮಗು ತಾಯಿಯ ಬಳಿಯೇ ಉಳಿಯಿತು. ತಂದೆ ತಿಂಗಳಿಗೆ ಎರಡು ಭಾನುವಾರ ನೋಡಬಹುದೆಂದೂ ತಿಂಗಳು ತಿಂಗಳು ಜೀವನಾಂಶ ಕಟ್ಟಬೇಕೆಂದೂ ಆದೇಶವಾಯಿತು. ನಾನು ಸೋತೆ. ಗೆದ್ದ ಎಷ್ಟೋ ಮೊಕದ್ದಮೆಗಳು ಮರೆತುಹೋಗಿವೆ. ಈ ಸೋಲು ಮರೆತಿಲ್ಲ. ನಾನು ಮಂಡಿಸಿದ ಸಂಗತಿಗಳೆಲ್ಲ ನಿಜವಾಗಿದ್ದುವು. ಅವುಗಳಿಗೆ ನಾನಿಟ್ಟ ಹೆಸರು ಮಾತ್ರ ಸುಳ್ಳು. ಬಡತನವನ್ನು ನಾನು ಅಲಕ್ಷ್ಯವೆಂದು ಕರೆದಿದ್ದೆ. ನಿಜವಾದ ಅಲಕ್ಷ್ಯ ನನ್ನ ಪಕ್ಕದಲ್ಲೇ ಕುಳಿತಿತ್ತು.

ಈ ವಿವೇಕವನ್ನು ಕಾನೂನು ಸ್ವತಃ ತೋರಿಸಿದೆ. 2015ರ ಬಾಲನ್ಯಾಯ ಕಾಯಿದೆಯ 75ನೆಯ ಪ್ರಕರಣದಂತೆ ಮಗುವನ್ನು ಬೇಕೆಂದೇ ಅಲಕ್ಷಿಸಿ ಅದಕ್ಕೆ ಸಂಕಟವುಂಟುಮಾಡಿದ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಹೆತ್ತವರು ತಮ್ಮ ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ತೊರೆದಿದ್ದರೆ ಅದು ಉದ್ದೇಶಪೂರ್ವಕವಲ್ಲವೆಂದೇ ಭಾವಿಸಬೇಕು, ಅವರನ್ನು ಈ ಪ್ರಕರಣದಡಿ ಶಿಕ್ಷಿಸತಕ್ಕದ್ದಲ್ಲ ಎಂದೂ ಅಲ್ಲಿಯೇ ಬರೆದಿದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಮಾರ್ಗವಾಗಬೇಕೆಂಬುದು ಆ ಕಾಯಿದೆಯ ತತ್ತ್ವಗಳಲ್ಲೊಂದು. ಕಷ್ಟದಲ್ಲಿರುವ ಕುಟುಂಬದಲ್ಲೇ ಮಗು ಬೆಳೆಯುವಂತೆ ಧನಸಹಾಯ ನೀಡುವ ಪ್ರಾಯೋಜಕತ್ವದ ಏರ್ಪಾಡೂ ಉಂಟು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಅದನ್ನು ತಿಂಗಳಿಗೆ 4,000 ರೂಪಾಯಿಯೆಂದು ನಿಗದಿಮಾಡಿದರು. ಮಗುವನ್ನು ಬಡತನದಿಂದ ಬಿಡಿಸಬೇಕು, ಬಡ ತಾಯಿಯಿಂದಲ್ಲ ಎಂಬುದು ಇದರ ಸಾರ.

ಹಾಗೆಂದು ಹೆತ್ತವರ ಮಡಿಲು ಯಾವಾಗಲೂ ಮಗುವಿಗೆ ಕ್ಷೇಮವೆಂದು ನಾನು ಹೇಳಲಾರೆ. ಕುಡಿತಕ್ಕೆ ಬಿದ್ದು ಮಗುವಿನ ಹಸಿವನ್ನು ಮರೆತವರುಂಟು. ಹೊಡೆತದ ಗುರುತನ್ನು ಬಿದ್ದ ಗಾಯವೆಂದು ಹೇಳುವವರುಂಟು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂದಿತ್ತು. ಹುಡುಗನ ತಾಯಿ ತೀರಿಹೋಗಿದ್ದಳು; ಆ ಸಾವಿನ ಸಂಬಂಧವಾಗಿ ವರದಕ್ಷಿಣೆಯ ಆರೋಪ ತಂದೆಯ ಮೇಲಿತ್ತು. ಹುಡುಗ ತಾಯಿಯ ತಂದೆತಾಯಿಗಳ ಬಳಿ ಬೆಳೆಯುತ್ತಿದ್ದ. ತಂದೆ ಸಹಜ ಪೋಷಕನೆಂಬ ಆಧಾರದ ಮೇಲೆ ಕೆಳಗಿನ ನ್ಯಾಯಾಲಯಗಳು ಅವನನ್ನು ತಂದೆಗೆ ಒಪ್ಪಿಸಲು ಹೇಳಿದ್ದುವು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಹುಡುಗನನ್ನು ಕರೆಸಿ ಮಾತನಾಡಿಸಿದರು. ತಂದೆಯೊಡನೆ ಹೋಗಲು ಅವನಿಗೆ ಇಷ್ಟವಿರಲಿಲ್ಲ. ತಂದೆಯ ಮೇಲಿನ ಆರೋಪವನ್ನೂ ಮಗುವಿನ ಇಚ್ಛೆಯನ್ನೂ ತೂಗಿ ನೋಡದೆ ಕೊಟ್ಟ ಆದೇಶ ನಿಲ್ಲಲಾರದೆಂದು ತೀರ್ಪಾಯಿತು. ಅಜ್ಜ ಅಜ್ಜಿಯರ ಮನೆಯೇ ಹುಡುಗನ ಮನೆಯಾಗಿ ಉಳಿಯಿತು.

ಬಡತನದಂತೆಯೇ ಪದ್ಧತಿಯ ವ್ಯತ್ಯಾಸವೂ ಕೆಲವೊಮ್ಮೆ ಅಲಕ್ಷ್ಯದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. 2011ರ ಮೇ ತಿಂಗಳಿನಲ್ಲಿ ನಾರ್ವೆಯ ಸ್ಟಾವೆಂಜರ್ ನಗರದಲ್ಲಿ ನೆಲಸಿದ್ದ ಬಂಗಾಳಿ ದಂಪತಿಗಳ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿಯ ಮಕ್ಕಳ ರಕ್ಷಣಾ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಕೈಯಿಂದ ಉಣಿಸುವುದು, ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಳ್ಳುವುದು ಇವೂ ತಮ್ಮ ಮೇಲಿನ ಆಕ್ಷೇಪಗಳೆಂದು ತಂದೆತಾಯಿ ಹೇಳಿದರು. ಕಾರಣ ಅದಲ್ಲವೆಂದು ಅಧಿಕಾರಿಗಳು ಹೇಳಿದರು. 2012ರ ಏಪ್ರಿಲಿನಲ್ಲಿ ಮಕ್ಕಳು ಚಿಕ್ಕಪ್ಪನ ಸುಪರ್ದಿಗೆ ಬಂದರು. ತಾಯಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಮೂಲಕ ಅವರನ್ನು ಮರಳಿ ಪಡೆದದ್ದು 2013ರ ಜನವರಿಯಲ್ಲಿ. ಇಪ್ಪತ್ತು ತಿಂಗಳು ಕಳೆದಿದ್ದುವು.

ಇಪ್ಪತ್ತು ತಿಂಗಳು ದೊಡ್ಡವರಿಗೆ ನಾಲ್ಕಾರು ವಾಯಿದೆಗಳ ಅವಧಿ. ಆದರೆ ಎರಡು ವರ್ಷದ ಮಗುವಿಗೆ ಅದು ಹೆಚ್ಚುಕಡಿಮೆ ಇಡೀ ಆಯುಸ್ಸು. ನ್ಯಾಯಾಲಯದ ಗಡಿಯಾರವೇ ಬೇರೆ, ಕೂಸಿನ ಗಡಿಯಾರವೇ ಬೇರೆ. ಮಧ್ಯಂತರ ಆದೇಶದಲ್ಲಿ ಎಲ್ಲಿಗೋ ಹೋದ ಮಗು ಅಲ್ಲಿಯ ಮಾತು ಕಲಿಯುತ್ತದೆ, ಅಲ್ಲಿಯವರನ್ನು ಹಚ್ಚಿಕೊಳ್ಳುತ್ತದೆ. ಕಡೆಯ ತೀರ್ಪು ಬರುವ ಹೊತ್ತಿಗೆ ಅಲ್ಲಿಂದ ಕೀಳುವುದೂ ಇನ್ನೊಂದು ಗಾಯವೇ. ಬಾಲನ್ಯಾಯ ಕಾಯಿದೆ ಇದನ್ನು ಅರಿತೇ ಗಡುವುಗಳನ್ನು ಹಾಕಿದೆ: ರಕ್ಷಣೆ ಬೇಕಾದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು, 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕು. ಗಂಡಹೆಂಡಿರ ವ್ಯಾಜ್ಯಗಳಲ್ಲಿಯೂ ಈ ಅವಸರ ಇರಬೇಕೆಂಬುದು ನನ್ನ ಬಯಕೆ. ವಾಯಿದೆ ಕೇಳುವ ವಕೀಲ, ಆ ಮಗುವಿನ ಬಾಲ್ಯದಿಂದ ಒಂದು ತಿಂಗಳನ್ನು ಕೇಳುತ್ತಿದ್ದಾನೆ. ನಾನೂ ಹಾಗೆ ಕೇಳಿದ್ದುಂಟು.

ಶ್ರೋತೃಗಳಲ್ಲಿ ಹೆಚ್ಚಿನವರು ನ್ಯಾಯಾಧೀಶರೂ ಅಲ್ಲ, ವಕೀಲರೂ ಅಲ್ಲ. ನಮಗೇನು ಕೆಲಸವೆಂದು ನೀವು ಕೇಳಬಹುದು. ನಿಮ್ಮ ಬೀದಿಯಲ್ಲಿ ಮಗುವೊಂದು ನಿಜವಾಗಿ ಹಿಂಸೆಯಲ್ಲಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸಿ. ನೆರೆಮನೆಯ ವಿಷಯವೆಂದು ಕದ ಹಾಕಿಕೊಳ್ಳಬೇಡಿ. ಆದರೆ ದೂರು ಹೇಳುವ ಮೊದಲು, ಆ ಮನೆಯಲ್ಲಿರುವುದು ಅಲಕ್ಷ್ಯವೋ ಅಸಹಾಯಕತೆಯೋ ಎಂದು ಒಮ್ಮೆ ನೋಡಿ. ಅಸಹಾಯಕತೆಯಾದರೆ ಅದಕ್ಕೆ ಮದ್ದು ನ್ಯಾಯಾಲಯದಲ್ಲಿಲ್ಲ, ನಿಮ್ಮ ಅಡುಗೆಮನೆಯಲ್ಲಿದ್ದೀತು.

ಆ ಮುದುಕಿ ಸಾಕ್ಷಿಕಟ್ಟೆಯಲ್ಲಿ ನಿಂತಾಗ ನಾನು ಅವರನ್ನೂ ಪಾಟೀಸವಾಲು ಮಾಡಿದ್ದೆ. ಈ ಮಗು ನಿಮಗೆ ಏನಾಗಬೇಕು ಎಂದು ಕೇಳಿದ್ದೆ. “ಏನೂ ಆಗಬೇಕಾಗಿಲ್ಲ, ಸ್ವಾಮಿ. ಪಕ್ಕದ ಮನೆಯ ಕೂಸು” ಎಂದರು. ಸಂಬಂಧವಿಲ್ಲವೆಂದು ಬರೆದುಕೊಂಡು ನಾನು ಕುಳಿತೆ. ಆ ಮೊಕದ್ದಮೆಯಲ್ಲಿ ಕೂಸು ಬಡವಾಗದಂತೆ ನೋಡಿಕೊಂಡವರು ಅವರೇ ಎಂಬುದು ನನಗೆ ಹೊಳೆದದ್ದು ತೀರ್ಪನ್ನು ಓದಿದ ಮೇಲೆ.