ಗೆಲುವಿನ ಪಟ್ಟಿಯನ್ನು ಓದುವುದು ಹೇಗೆ?



ನಾನಿರುವುದು ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯ ಇಲವಾಲದಲ್ಲಿ. ನಮ್ಮ ಕಡೆ ಬೇಸಿಗೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಶುರುವಾಗುತ್ತವೆ. ಹದಮಾಡಿದ ಮಣ್ಣಿನ ಅಂಕಣ, ಸುಣ್ಣದ ಗೆರೆ, ನಾಲ್ಕು ಕಂಬಗಳಿಗೆ ಕಟ್ಟಿದ ದೀಪ, ಗಂಟಲು ಒಡೆದ ಮೈಕು. ಅಂಥ ಒಂದು ರಾತ್ರಿ, ಔಟಾಗಿ ಗೆರೆಯ ಆಚೆ ಕುಳಿತಿದ್ದ ಹುಡುಗನೊಬ್ಬ, ನಾನು ಟೀವಿಯವನೆಂದು ಯಾರೋ ಹೇಳಿದ್ದರಿಂದ, ನನ್ನತ್ತ ತಿರುಗಿ ಕೇಳಿದ: "ಸಾರ್, ಕಬಡ್ಡಿಯಲ್ಲಿ ಇಂಡಿಯಾ ಸೋತೇ ಇಲ್ವಂತೆ, ಹೌದಾ?"

ಹೌದು ಎಂದುಬಿಟ್ಟಿದ್ದರೆ ಅವನಿಗೆ ಖುಷಿಯಾಗುತ್ತಿತ್ತು. ಆದರೆ ಆ ಉತ್ತರ ಕೊಟ್ಟು ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. 2018ರ ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಮುಂಚೆ ಒಂದು ಕಾರ್ಯಕ್ರಮಕ್ಕಾಗಿ "ಅಜೇಯ ಭಾರತ" ಎಂಬ ಶೀರ್ಷಿಕೆಯನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಆಧಾರವಿಲ್ಲದೆ ಇರಲಿಲ್ಲ. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಮೊದಲ ಬಾರಿಗೆ ಪದಕದ ಆಟವಾದಾಗಿನಿಂದ 2014ರ ಇಂಚಿಯಾನ್‌ವರೆಗೆ ಏಳು ಕೂಟಗಳಲ್ಲಿ ಏಳೂ ಚಿನ್ನ ನಮ್ಮ ಪುರುಷರದ್ದೇ. ಮಹಿಳೆಯರ ಕಬಡ್ಡಿ ಸೇರಿದ್ದು 2010ರಲ್ಲಿ. ಅಲ್ಲಿಯೂ ಎರಡಕ್ಕೆ ಎರಡು. ಇನ್ನೇನು ಬೇಕು? ಆದರೆ ಜಕಾರ್ತದಲ್ಲಿ ನಮ್ಮ ಪುರುಷರು ಲೀಗ್ ಹಂತದಲ್ಲೇ ದಕ್ಷಿಣ ಕೊರಿಯಾಕ್ಕೆ 23-24ರಿಂದ ಸೋತರು. ಸೆಮಿಫೈನಲಿನಲ್ಲಿ ಇರಾನಿಗೆ 18-27ರಿಂದ ಸೋತರು. ಮರುದಿನ ಫೈನಲಿನಲ್ಲಿ ನಮ್ಮ ಮಹಿಳೆಯರೂ ಇರಾನಿಗೇ 24-27ರಿಂದ ಸೋತರು. ನನ್ನ ಶೀರ್ಷಿಕೆ ಕಸದ ಬುಟ್ಟಿಗೆ ಹೋಯಿತು.

ಆ ರಾತ್ರಿ ನನಗೆ ನೆನಪಾದದ್ದು ಬಿ.ಎಸ್ಸಿ. ಓದುತ್ತಿದ್ದಾಗಿನ ಪ್ರಯೋಗಾಲಯ. ನಿಮ್ಮಲ್ಲಿ ವಿಜ್ಞಾನ ಓದುವವರಿಗೆ 'ರೆಕಾರ್ಡ್' ಎಂದೊಡನೆ ನೆನಪಿಗೆ ಬರುವುದು ಕ್ರೀಡೆಯಲ್ಲ, ಸಹಿಗಾಗಿ ಕಾಯುವ ಆ ದಪ್ಪ ಪುಸ್ತಕ. ಅದರಲ್ಲಿ ಕೊನೆಯ ಉತ್ತರವನ್ನಷ್ಟೇ ಬರೆದು ಒಯ್ದರೆ ನಮ್ಮ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ. ಒಂದೊಂದು ಅಳತೆಯೂ ಬೇಕು, ಅಳತೆ ಅಳತೆಗೂ ನಡುವಿನ ವ್ಯತ್ಯಾಸವೂ ಬೇಕು ಎನ್ನುತ್ತಿದ್ದರು. ನಾನು ಮಾಡಿದ್ದ ತಪ್ಪು ಅದೇ. ಪದಕದ ಬಣ್ಣವನ್ನು ಮಾತ್ರ ಬರೆದುಕೊಂಡಿದ್ದೆ, ಎಷ್ಟು ಅಂಕಗಳ ಅಂತರದಿಂದ ಬಂತು ಎಂಬುದನ್ನು ಬರೆದುಕೊಂಡಿರಲಿಲ್ಲ.

ಈಗ ಬರೆದು ನೋಡೋಣ. ಪುರುಷರ ವಿಭಾಗದಲ್ಲಿ ಇರಾನ್ ವಿರುದ್ಧದ ಪಂದ್ಯಗಳನ್ನಷ್ಟೇ ತೆಗೆದುಕೊಳ್ಳಿ. 2010ರ ಗುವಾಂಗ್‌ಝೌ ಫೈನಲ್ 37-20, ಅಂತರ 17. ಅದೇ ಎದುರಾಳಿ, 2014ರ ಫೈನಲ್ 27-25, ಅಂತರ ಬರೇ 2. ಒಂದು ರೈಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದರೆ ಸಾಕು, ಎರಡು ಅಂಕ ಮಾಯ. ಅಂದು ಅರ್ಧವೇಳೆಗೆ ಮುಂದಿದ್ದವರೂ ಇರಾನಿನವರೇ. ಆಮೇಲೆ 2018ರ ಸೋಲು, ಒಂಬತ್ತು ಅಂಕಗಳದ್ದು. ಮಹಿಳೆಯರ ಫೈನಲ್‌ಗಳನ್ನು ಬರೆದರೂ ಕತೆ ಅದೇ. 2010ರಲ್ಲಿ ಥಾಯ್ಲೆಂಡ್ ವಿರುದ್ಧ 28-14, 2014ರಲ್ಲಿ ಇರಾನ್ ವಿರುದ್ಧ 31-21, 2018ರಲ್ಲಿ 24-27. ಹದಿನಾಲ್ಕು, ಹತ್ತು, ಆಮೇಲೆ ಸೊನ್ನೆಯ ಕೆಳಗೆ. ಗ್ರಾಫ್ ಹಾಳೆಯ ಮೇಲೆ ಈ ಚುಕ್ಕೆಗಳನ್ನು ಇಟ್ಟಿದ್ದರೆ ಜಕಾರ್ತದ ಫಲಿತಾಂಶ ಯಾರಿಗೂ ಸಿಡಿಲಿನಂತೆ ಎರಗುತ್ತಿರಲಿಲ್ಲ. ಏಳು ಚಿನ್ನಗಳ ಹೊಳಪಿನಲ್ಲಿ ನಮಗೆ ಅಂತರ ಕಾಣಲಿಲ್ಲ, ಅಷ್ಟೆ.

ಅಂತರ ಕುಗ್ಗಿದ್ದೇಕೆ? ನಮ್ಮವರು ಕೆಟ್ಟದಾಗಿ ಆಡಿದರು ಎನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ನಾವೇ ತೆರೆದ ಬಾಗಿಲು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಇರಾನಿನ ಫಜಲ್ ಅತ್ರಾಚಲಿ, ಕೊರಿಯಾದ ಜಾಂಗ್ ಕುನ್ ಲೀ ಮುಂತಾದವರು ಇಲ್ಲಿಗೆ ಬಂದರು, ನಮ್ಮ ರೈಡರುಗಳ ಕಾಲಿನ ಚಲನೆಯನ್ನು ದಿನವೂ ಎದುರಿಗೇ ಕಂಡರು, ನಮ್ಮ ಕೋಚ್‌ಗಳಿಂದ ಪಾಠ ಕಲಿತರು. 2016ರ ಅಹಮದಾಬಾದ್ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಕೊರಿಯಾ ನಮ್ಮನ್ನು 34-32ರಿಂದ ಸೋಲಿಸಿತು. ಫೈನಲಿನಲ್ಲಿ ಇರಾನನ್ನು 38-29ರಿಂದ ಗೆದ್ದ ಸಂಭ್ರಮದಲ್ಲಿ ಆ ಮೊದಲ ಪಂದ್ಯವನ್ನು ಮರೆತುಬಿಟ್ಟೆವು. ಇನ್ನೊಂದು ಸ್ವಾರಸ್ಯ ಕೇಳಿ. 2018ರಲ್ಲಿ ಚಿನ್ನ ಗೆದ್ದ ಇರಾನ್ ಮಹಿಳಾ ತಂಡದ ಕೋಚ್ ನಮ್ಮ ನಾಸಿಕದವರು, ಶೈಲಜಾ ಜೈನ್. ಇದನ್ನು ದ್ರೋಹವೆಂದು ಕರೆದವರನ್ನು ನಾನು ಬಲ್ಲೆ. ನನಗೆ ಹಾಗನ್ನಿಸುವುದಿಲ್ಲ. ಕಲಿಸದೆ ಇಟ್ಟುಕೊಂಡ ಆಟ ಮನೆಯೊಳಗಿನ ಆಟವಾಗಿಯೇ ಉಳಿಯುತ್ತದೆ. ಬೀಜಿಂಗಿನಲ್ಲಿ ನಾವು ಮೊದಲ ಚಿನ್ನ ಗೆದ್ದಾಗ ಕಣದಲ್ಲಿದ್ದ ದೇಶಗಳು ಬೆರಳೆಣಿಕೆಯಷ್ಟು ಎಂಬುದನ್ನೂ ಮರೆಯಬಾರದು.

ಇದು ನಮ್ಮ ಒಂದು ಆಟದ ಕತೆ ಮಾತ್ರವಲ್ಲ. ಆಸ್ಟ್ರೇಲಿಯಾ, ಇಂಗ್ಲೆಂಡ್, ನ್ಯೂಜಿಲೆಂಡ್ ಕಡೆ ರಗ್ಬಿ ಲೀಗ್ ಎಂಬ ಆಟವಿದೆ. ತಂಡಕ್ಕೆ ಹದಿಮೂರು ಜನ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಯ ಗೆರೆಯತ್ತ ನುಗ್ಗಬೇಕು. ಅವರು ಹಿಡಿದು ಕೆಡವುತ್ತಾರೆ. ಆರು ಬಾರಿ ಕೆಡವಿಸಿಕೊಂಡರೆ ಚೆಂಡನ್ನು ಅವರಿಗೆ ಒಪ್ಪಿಸಬೇಕು. ಚೆಂಡೊಂದನ್ನು ಮರೆತರೆ ಹಿಡಿಯುವ, ಕೊಸರುವ, ಗೆರೆ ಮುಟ್ಟುವ ಆ ಗುದ್ದಾಟ ಕಬಡ್ಡಿ ಬಲ್ಲ ಕಣ್ಣಿಗೆ ಪರಕೀಯವೆನಿಸುವುದಿಲ್ಲ. ಅದರ ವಿಶ್ವಕಪ್ 1954ರಲ್ಲಿ ಫ್ರಾನ್ಸಿನಲ್ಲಿ ನಾಲ್ಕೇ ದೇಶಗಳೊಂದಿಗೆ ಶುರುವಾಯಿತು. ಅಲ್ಲಿಂದ 2022ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್‌ವರೆಗೆ ಹದಿನಾರು ಬಾರಿ ನಡೆದಿದೆ, ಹನ್ನೆರಡು ಬಾರಿ ಗೆದ್ದದ್ದು ಆಸ್ಟ್ರೇಲಿಯಾ. 2000ದ ವಿಶ್ವಕಪ್ಪಿನಲ್ಲಿ ಅವರು ರಷ್ಯಾವನ್ನು ಸೋಲಿಸಿದ್ದು 110-4ರಿಂದ! ದಾಖಲೆಯೇನೋ ಸರಿ. ಆದರೆ ಅದು ಆಸ್ಟ್ರೇಲಿಯಾದ ಬಲವನ್ನು ಹೇಳುತ್ತದೆಯೋ, ರಷ್ಯಾದಲ್ಲಿ ಆ ಆಟ ಎಷ್ಟು ಎಳೆಯದು ಎಂಬುದನ್ನೋ? ನಾನಾದರೆ ಎರಡನೆಯದು ಎನ್ನುತ್ತೇನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಇನ್ನೊಂದರ ತೂಕ ತಿಳಿಯುವುದಿಲ್ಲ.

ಆ ತಟ್ಟೆಗೆ ತೂಕ ಬಂದದ್ದು ಟೊಂಗಾ, ಸಮೋವಾದಂಥ ಪುಟ್ಟ ದ್ವೀಪಗಳಿಂದ. ಟೊಂಗಾದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಆ ನೆಲದ ಮಕ್ಕಳು ಆಸ್ಟ್ರೇಲಿಯಾದ ಲೀಗಿನಲ್ಲಿ ಆಡಿ ಪಳಗಿದರು. 2017ರಲ್ಲಿ ಜೇಸನ್ ಟೌಮಲೊಲೊ ಎಂಬ ದೊಡ್ಡ ಆಟಗಾರ ನ್ಯೂಜಿಲೆಂಡ್ ತಂಡವನ್ನು ಬಿಟ್ಟು ಟೊಂಗಾವನ್ನು ಆರಿಸಿಕೊಂಡ. ಆ ವರ್ಷ ಟೊಂಗಾ ನ್ಯೂಜಿಲೆಂಡನ್ನು 28-22ರಿಂದ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯಾವನ್ನೇ 16-12ರಿಂದ! ಇರಾನ್ ನಮಗೆ ಮಾಡಿದ್ದೂ ಇದೇ ಅಲ್ಲವೇ?

ರಗ್ಬಿ ಲೀಗ್ ಹುಟ್ಟಿದ ಬಗೆಯನ್ನೂ ಹೇಳಿಬಿಡುತ್ತೇನೆ, ಅದಕ್ಕೊಂದು ಕಾರಣವಿದೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಕೆಲವು ಕ್ಲಬ್ಬುಗಳು ಹಳೆಯ ರಗ್ಬಿ ಸಂಘದಿಂದ ಸಿಡಿದು ಹೊರಬಂದವು. ಜಗಳ ಕೂಲಿಯದ್ದು. ಅಲ್ಲಿನ ಆಟಗಾರರು ಗಿರಣಿಯ, ಗಣಿಯ ಕೆಲಸಗಾರರು. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಕ್ಲಬ್ಬುಗಳು ಕೇಳಿದವು, ಸಂಘದ ದೊಡ್ಡವರು ಒಪ್ಪಲಿಲ್ಲ. ಹೊಸ ಸಂಘ ಆರು ಶಿಲಿಂಗ್‌ವರೆಗೆ ಕೊಡಬಹುದೆಂದು ತೀರ್ಮಾನಿಸಿತು.

ನಮ್ಮಲ್ಲಿ ಈ ಕೂಲಿಯ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಕ್ರೀಡಾ ಕೋಟಾದ ನೌಕರಿ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರು 2010 ಮತ್ತು 2014ರ ಏಷ್ಯನ್ ಕೂಟಗಳ ಚಿನ್ನದ ತಂಡಗಳಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಗೆದ್ದಾಗ ಅವರೇ ನಾಯಕಿ. ಅವರಿಗೆ ಆಟ ಮುಂದುವರಿಸಲು ನೆಲೆಯಾದದ್ದು ರೈಲ್ವೆಯ ಕೆಲಸ. ನಮ್ಮ ರಾಜ್ಯದವರೇ ಆದ ತೇಜಸ್ವಿನಿ ಬಾಯಿಯವರೂ ಆ ಎರಡೂ ಚಿನ್ನಗಳಲ್ಲಿ ಪಾಲುಗಾರರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಸಂದಿದೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಮೈಸೂರಿನ ಆ ಬದಿಗೆ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋಗಬೇಕು. ಅಲ್ಲಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನ ಭಾರತ ತಂಡದಲ್ಲಿದ್ದರು. ನಮ್ಮ ಪುರುಷರೂ ಗೆದ್ದರು, ಮಹಿಳೆಯರೂ ಗೆದ್ದರು. ನಾನು ಈಗ ಅಭ್ಯಾಸಬಲದಿಂದ ಅಂತರವನ್ನು ಬರೆದುಕೊಳ್ಳುತ್ತೇನೆ: ಮಹಿಳೆಯರ ಮೊದಲ ಪಂದ್ಯ ದಕ್ಷಿಣ ಕೊರಿಯಾ ವಿರುದ್ಧ 175-18. ಇದು ಆ 110-4ರ ಜಾತಿಯದು. ಚಪ್ಪಾಳೆ ತಟ್ಟಿ ಮುಂದೆ ಹೋಗಬಹುದು. ಆದರೆ ಫೈನಲಿನಲ್ಲಿ ನೇಪಾಳ ನಲವತ್ತು ಅಂಕ ಗಳಿಸಿತು, 78-40. ಪುರುಷರಿಗಂತೂ ಮೊದಲ ಪಂದ್ಯದಲ್ಲೇ ಅದೇ ನೇಪಾಳ 42-37ರಷ್ಟು ಹತ್ತಿರ ಬಂದಿತ್ತು, ಫೈನಲ್ 54-36. ಮಹಿಳೆಯರ ಫೈನಲಿನಲ್ಲಿ ಚೈತ್ರಾ ಇದ್ದ ಓಟಗಾರ್ತಿಯರ ಗುಂಪು ಐದು ನಿಮಿಷಕ್ಕೂ ಹೆಚ್ಚು ಹೊತ್ತು ಸಿಕ್ಕಿಬೀಳದೆ ಓಡಿತು, ಏಳು ನಿಮಿಷದ ಸರದಿಯಲ್ಲಿ. ಪಂದ್ಯದ ಉತ್ತಮ ಆಟಗಾರ್ತಿ ಪ್ರಶಸ್ತಿ ಚೈತ್ರಾರಿಗೆ ಬಂತು. 175ಕ್ಕಿಂತ ನನಗೆ ಹೆಚ್ಚೆನಿಸುವುದು ಆ ಐದು ನಿಮಿಷ. ಏಕೆಂದರೆ ಬೆನ್ನಟ್ಟಿದವರು ಆಟ ಬಲ್ಲವರು.

ಗೆದ್ದು ಬಂದ ಮೇಲೆ ಚೈತ್ರಾ ಮತ್ತು ಪುರುಷರ ತಂಡದಲ್ಲಿದ್ದ ನಮ್ಮ ಎಂ.ಕೆ. ಗೌತಮ್ ಅವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದು ತಲಾ 2.25 ಕೋಟಿ. ಇಬ್ಬರೂ ಆ ಐದು ಲಕ್ಷ ಬೇಡವೆಂದರು. ದುರಾಸೆ ಎಂದು ಕೆಲವರು ಮೂಗು ಮುರಿದರು. ನೀವು 1895ರ ಆ ಗಿರಣಿ ಕೆಲಸಗಾರರನ್ನು ನೆನಪಿಟ್ಟುಕೊಂಡು ಯೋಚಿಸಿ. ಒಂದೇ ತಂಡ, ಒಂದೇ ಕಪ್, ಎರಡು ರಾಜ್ಯಗಳ ಲೆಕ್ಕದಲ್ಲಿ ನಲವತ್ತೈದು ಪಟ್ಟು ವ್ಯತ್ಯಾಸ. ಹಳ್ಳಿಯ ಅಪ್ಪ ಅಮ್ಮ ಮಗಳನ್ನು ಮೈದಾನಕ್ಕೆ ಕಳುಹಿಸಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನೋಡುವುದು ಪದಕಪಟ್ಟಿಯನ್ನಲ್ಲ, ಈ ಲೆಕ್ಕವನ್ನು.

ಇಲವಾಲದ ಆ ಹುಡುಗನಿಗೆ ಇಷ್ಟೆಲ್ಲ ಹೇಳುವಷ್ಟು ಸಮಯವಿರಲಿಲ್ಲ. ಅವನ ತಂಡ ಅಂಕ ಗಳಿಸಿದರೆ ಅವನು ಒಳಗೆ ಹೋಗಬೇಕಿತ್ತು. "ಸೋತಿದೆ ಕಣಪ್ಪಾ, 2018ರಲ್ಲಿ, ಇರಾನಿಗೆ," ಎಂದೆ. ಅವನ ಮುಖ ಸಣ್ಣದಾಯಿತು. "ಆಮೇಲೆ?" ಎಂದ.

ಆಮೇಲಿನದೇ ನೋಡಿ ಚೆನ್ನಾಗಿರುವುದು. 2023ರಲ್ಲಿ ಹಾಂಗ್‌ಝೌನಲ್ಲಿ ಪುರುಷರ ಫೈನಲ್ ಮತ್ತೆ ಇರಾನ್ ಜೊತೆ. ಕೊನೆಯ ನಿಮಿಷಗಳಲ್ಲಿ 28-28 ಆಗಿದ್ದಾಗ ಒಂದು ರೈಡಿನ ಅಂಕಗಳ ಬಗ್ಗೆ ವಿವಾದವೆದ್ದು ಆಟ ಸುಮಾರು ಒಂದು ಗಂಟೆ ನಿಂತೇಹೋಯಿತು. ಕೊನೆಗೆ 33-29ರಿಂದ ನಮಗೆ ಚಿನ್ನ. ಮಹಿಳೆಯರ ವಿಭಾಗದಲ್ಲಿ ಈ ಸಲ ಹೊಸ ಎದುರಾಳಿ, ಚೈನೀಸ್ ತೈಪೆ. ಗುಂಪಿನ ಪಂದ್ಯದಲ್ಲಿ 34-34 ಸಮ. ಫೈನಲಿನಲ್ಲಿ 26-25. ಒಂದೇ ಒಂದು ಅಂಕ! ಆ ಕೂಟದಲ್ಲಿ ಭಾರತದ ನೂರನೆಯ ಪದಕ ಅದು. ಪದಕಪಟ್ಟಿಯಲ್ಲಿ 2010ರ ಚಿನ್ನವೂ ಚಿನ್ನ, ಇದೂ ಚಿನ್ನ. ಯಾವುದಕ್ಕೆ ಹೆಚ್ಚು ಬೆವರು ಹರಿದಿದೆ ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ.

2025ರ ನವೆಂಬರಿನಲ್ಲಿ ಢಾಕಾದಲ್ಲಿ ಮಹಿಳೆಯರ ವಿಶ್ವಕಪ್ ಫೈನಲಿನಲ್ಲಿಯೂ ಎದುರಿಗಿದ್ದದ್ದು ಅದೇ ಚೈನೀಸ್ ತೈಪೆ. ಭಾರತ ಗೆದ್ದದ್ದು 35-28ರಿಂದ. ಒಂದಿದ್ದ ಅಂತರ ಏಳಾಯಿತು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಶೀರ್ಷಿಕೆಯನ್ನು ಮಾತ್ರ ಈ ಸಲ ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿರಲಿಲ್ಲ.