ಎರಡಾಣೆಯ ಆಡಳಿತ

ಬಿ.ಕಾಂ. ಮುಗಿಸಿದ ಮಕ್ಕಳು ‘ಮುಂದೇನು?’ ಎಂದು ಕೇಳಿದಾಗ ನನಗೆ ಉಡುಪಿ ನೆನಪಾಗುತ್ತದೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರೂ ಹೀಗೆ ಖಾತೆದಾರರಾದರು. ಗಿರಾಕಿಯ ಸಂಕೋಚವನ್ನು ಅರಿಯುವುದೂ ಮ್ಯಾನೇಜ್‌ಮೆಂಟೇ, ಎಂ.ಬಿ.ಎ. ತರಗತಿಯಲ್ಲಿ ಇದನ್ನು ಮೊದಲ ದಿನವೇ ಹೇಳಬೇಕು.

ಇನ್ನು, ಆ ಚಿಲ್ಲರೆಯನ್ನೆಲ್ಲ ಲೆಡ್ಜರಿಗೆ ಏರಿಸಿ ತಾಳೆ ನೋಡುವ ಗುಮಾಸ್ತರು! ಒಂದು ಅಂಕಿ ತಪ್ಪಿದರೆ ಒಂದು ಮನೆಯ ನಂಬಿಕೆಯೇ ಅಲುಗುತ್ತದೆ. ಕಚೇರಿ ಕೆಲಸವೆಂದರೆ ಮೂಗು ಮುರಿಯುವ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ: ಮಗಳು ಲೆಕ್ಕದಲ್ಲಿ ಚುರುಕಾಗಿದ್ದರೆ, ಜನರೊಡನೆ ಬೆರೆಯುವವಳಾದರೆ, ರಜೆಯಲ್ಲಿ ಊರಿನ ಸಹಕಾರಿ ಸಂಘದವರನ್ನು ಕೇಳಿ ನೋಡಿ. ಒಂದು ತಿಂಗಳು ಕೌಂಟರಿನ ಹಿಂದೆ ಕೂತು ಅವಳೇ ಕೆಲಸ ಕಲಿಯಲಿ.