ಲಂಗರಿನ ಊಟಕ್ಕೆ ಋಣವೇಕೆ?

ಬೀದರಿನ ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಹೋಗಿಬಂದ ಕೇಳುಗರು ಮತ್ತೆ ಮತ್ತೆ ಕೇಳುವುದು ಒಂದೇ: "ನಾವು ಆ ಧರ್ಮದವರಲ್ಲ, ಕಾಸು ಕೊಡದೆ ಅಲ್ಲಿನ ಲಂಗರಿನಲ್ಲಿ ಉಂಡುಬಂದೆವು. ಬಡವರ ಪಾಲಿನ ಅನ್ನ ತಿಂದ ಋಣ ತಟ್ಟೀತೇ?"

ತಟ್ಟುವುದಿಲ್ಲ. ಲಂಗರ್ ಎಂದರೆ ಬಡವರಿಗೆ ಹಾಕುವ ಅನ್ನವೆಂದು ತಿಳಿದದ್ದರಿಂದಲೇ ಈ ಅಳುಕು. 1469ರಲ್ಲಿ ಹುಟ್ಟಿದ ಸಿಖ್ಖರ ಮೊದಲ ಗುರು ನಾನಕರು ಊರೂರು ಸುತ್ತಿ, ಕೊನೆಗೆ ಕರ್ತಾರಪುರದಲ್ಲಿ ಹೊಲ ಉಳುತ್ತ ನೆಲೆನಿಂತರು. ದೇವರೊಬ್ಬನೇ, ಅವನ ನಾಮ ನೆನೆಯಬೇಕು, ದುಡಿದು ಉಣ್ಣಬೇಕು, ಹಂಚಿ ಉಣ್ಣಬೇಕು, ಸಂಸಾರ ಬಿಟ್ಟು ಓಡಬೇಕಿಲ್ಲ ಎಂದರು.

ಹಂಚಿ ಉಣ್ಣುವ ಆ ಮಾತೇ ಲಂಗರ್. ಅಲ್ಲಿ ಊಟಕ್ಕಿಂತ ಮುಖ್ಯ, ಕೂರುವ ಸಾಲು. ಯಾರ ಪಕ್ಕ ಯಾರು ಉಣ್ಣಬೇಕೆಂದು ಜಾತಿ ಗೊತ್ತುಮಾಡುತ್ತಿದ್ದ ಕಾಲದಲ್ಲಿ ಮೂರನೆಯ ಗುರು ಅಮರದಾಸರು ಗೋಯಿಂದ್ವಾಲ್‌ನಲ್ಲಿ ಕಟ್ಟು ಹಾಕಿದರು: ಮೊದಲು ಪಂಗತಿಯಲ್ಲಿ ಕೂತು ಉಣ್ಣಿ, ಆಮೇಲೆ ಗುರುದರ್ಶನ. ಅಕ್ಬರ್ ಬಾದಶಹನೂ ಹಾಗೆಯೇ ನೆಲದ ಮೇಲೆ ಕೂತು ಉಂಡನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಬಡವನೊಬ್ಬನೇ ಕೂತರೆ ಅದು ದಾನವಾಗಿಬಿಡುತ್ತದೆ. ಉಳ್ಳವನೂ ಅದೇ ಚಾಪೆಯ ಮೇಲೆ ಕೂತರಷ್ಟೇ ಲಂಗರ್. ಇನ್ನೊಮ್ಮೆ ಹೇಳುತ್ತೇನೆ, ನೀವು ಕೂತದ್ದರಿಂದ ಯಾರ ಪಾಲೂ ಕಡಿಮೆಯಾಗಲಿಲ್ಲ; ಕೂರದೆ ಬಂದಿದ್ದರೆ ಸಾಲೇ ಮುರಿಯುತ್ತಿತ್ತು. ಚಿಕ್ಕಂದಿನಲ್ಲಿ ಮದುವೆಮನೆಗಳ ಪಂಕ್ತಿಭೇದ ನೋಡಿ ಬೆಳೆದವನು ನಾನು. ಝೀರಾದಲ್ಲಿ ಯಾರೂ ಹೆಸರು ಕೂಡ ಕೇಳದೆ ಬಡಿಸಿದಾಗ ಮೊದಲು ಆದದ್ದು ಮುಜುಗರವೇ.

ಈ ಸಾಲಿಗೂ ಬೀದರಿಗೂ ಇನ್ನೂ ಹತ್ತಿರದ ನಂಟಿದೆ. 1699ರಲ್ಲಿ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ಧರ್ಮಕ್ಕಾಗಿ ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಬೀದರಿನ ಸಾಹಿಬ್ ಚಂದ್ ಒಬ್ಬರು. ಕ್ಷೌರಿಕ ಕುಲದವರೆಂದು ಪ್ರತೀತಿ. ಬೇರೆಬೇರೆ ಜಾತಿಯ ಐವರು ಒಂದೇ ಬಟ್ಟಲಿನಿಂದ ದೀಕ್ಷೆಯ ಅಮೃತ ಕುಡಿದರು. ಆಮೇಲೆ ಗುರುವೇ ಅವರ ಮುಂದೆ ಕೈಯೊಡ್ಡಿ ಕುಡಿದರು. ಗುರುವೂ ಸಾಲಿಗೆ ಬಂದ ಹಾಗಾಯಿತಲ್ಲ!

ಲಂಗರಿಗೆ ಹೋಗುವವರಿಗೆ ಇಷ್ಟು ಹೇಳಿಬಿಡುತ್ತೇನೆ: ತಲೆಗೆ ಬಟ್ಟೆ ಇರಲಿ, ಚಪ್ಪಲಿ ಹೊರಗಿರಲಿ, ಜೇಬಿನಲ್ಲಿ ಬೀಡಿ, ತಂಬಾಕು ಬೇಡ. ರೊಟ್ಟಿಗೆ ಎರಡೂ ಕೈ ಒಡ್ಡಿ. ಬೇಕಾದಷ್ಟೇ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಬಿಡಬೇಡಿ. ಉಂಡಮೇಲೆ ಪಾತ್ರೆ ತೊಳೆಯುವ ಕಡೆ ಹೋಗಿ ನಿಂತರೆ ಬೇಡ ಎನ್ನುವವರು ಯಾರೂ ಇಲ್ಲ.